ಶ್ರುತಿ ಇಳಿದ ಮೇಲೆ

ಇವತ್ತು ಬೆಳಿಗ್ಗೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಎರಡು ಸಲ ಹಾಕಿದೆ. ಮೊದಲು ಹಳೇ ಎಲ್‌ಪಿ ರೆಕಾರ್ಡ್. ಆಮೇಲೆ ವೇಗ ಸರಿಪಡಿಸಿದ ಸಿಡಿ.

1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಇದನ್ನು ಧ್ವನಿಮುದ್ರಿಸುವಾಗ ಟೇಪ್ ಯಂತ್ರ ಚೂರು ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸಂಗೀತ ಬೇಗ ಓಡುತ್ತದೆ. ಹಾಗಾಗಿ ಎಲ್‌ಪಿಯಲ್ಲಿ ಮೊದಲ ಬದಿಯ ಮೂರೂ ಹಾಡುಗಳ ವೇಗ ಜಾಸ್ತಿ, ಶ್ರುತಿಯೂ ಮೇಲೆ. ಅದನ್ನು ಸರಿಪಡಿಸಿದ್ದು 1992ರಲ್ಲಿ, ಅವತ್ತು ಜೊತೆಗೇ ಸರಿಯಾದ ವೇಗದಲ್ಲಿ ಓಡಿದ್ದ ಇನ್ನೊಂದು ಟೇಪಿನಿಂದ. ಮೂವತ್ತಮೂರು ವರ್ಷ!

ಮೊದಲ ಹಾಡು ‘ಸೋ ವಾಟ್’ನಲ್ಲಿ ಮೈಲ್ಸ್ ಸೋಲೋ ಶುರುವಾಗುವಾಗ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ ಅನ್ನೋ ಲೋಹದ ತಟ್ಟೆ ಮೇಲೆ ಒಂದು ಪೆಟ್ಟು ಹಾಕುತ್ತಾರೆ. ಒಂದೇ ಒಂದು. ಅದು ಆರುವ ತನಕ ಸುಮ್ನೆ ಉಸಿರು ಹಿಡಿದು ಕೂರುತ್ತೇನೆ. ಆ ಸ್ಟುಡಿಯೋ ಮೊದಲು ಚರ್ಚ್ ಆಗಿತ್ತು. ಎತ್ತರದ ಚಾವಣಿ. ಆ ಜಾಗವೂ ಸಿಂಬಲ್ ಜೊತೆ ನುಡಿಯುತ್ತದೆ ಅನ್ನಿಸುತ್ತದೆ.

ಸರಿಪಡಿಸಿದ್ದರಲ್ಲಿ ಪಾಲ್ ಚೇಂಬರ್ಸ್ ಅವರ ಬಾಸ್ ಇನ್ನೂ ನಿರಾಳ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಿ. ಅವರು ನುಡಿಸಿದ್ದು ಅದನ್ನೇ ಅಲ್ವಾ?

ಆದರೆ ನನ್ನ ಕಿವಿ ಬೆಳೆದದ್ದು ಹಳೇ ಶ್ರುತಿಯಲ್ಲಿ. ಸಿಡಿಯಲ್ಲಿ ಅದೇ ಬದಿಯ ‘ಬ್ಲೂ ಇನ್ ಗ್ರೀನ್’ನಲ್ಲಿ ಬಿಲ್ ಎವಾನ್ಸ್ ಪಿಯಾನೋ ಬಂದಾಗ ಕಿವಿ ಒಂದು ಕ್ಷಣ ತಡೆಯಿತು. ತುಂಬ ಬೇಕಾದವರ ದನಿಯನ್ನು ವರ್ಷಗಟ್ಟಲೆ ಫೋನಿನಲ್ಲೇ ಕೇಳಿ, ಈಗ ಎದುರಿಗೆ ಕೇಳಿದ ಹಾಗೆ.

ಎರಡನೇ ಬದಿಗೆ ಈ ತೊಂದರೆ ಇಲ್ಲ, ಅದು ಏಪ್ರಿಲ್ 22ರದ್ದು. ಈಗ ‘ಫ್ಲೆಮೆಂಕೋ ಸ್ಕೆಚಸ್’ ಓಡುತ್ತಿದೆ. ಕಾಫಿ ಆರಿದೆ. ಏಳಲು ಮನಸ್ಸಿಲ್ಲ.

ನಿಮ್ಮ ಮನೆಯಲ್ಲಿರುವುದು ಯಾವುದು?