ಕೆಂಪು ದೀಪ ಉರಿದರೂ ಏಳದ ಮೆಗಾ ಡ್ರೈವ್

ಹಳೆಯ ಗೇಮ್ ಕನ್ಸೋಲುಗಳನ್ನು ದುರಸ್ತಿ ಮಾಡುವವರಿಗೆ ಪೂರ್ತಿ ಸತ್ತ ಯಂತ್ರಕ್ಕಿಂತ ಅರೆಜೀವದ ಯಂತ್ರವೇ ಹೆಚ್ಚು ಕಾಟ ಕೊಡುತ್ತದೆ. ನನ್ನ ಕೈಗೆ ಬಂದಿದ್ದ ಸೆಗಾ ಮೆಗಾ ಡ್ರೈವ್ ಅಂಥದ್ದು. ಸ್ವಿಚ್ ಸರಿಸಿದೊಡನೆ ಕೆಂಪು ದೀಪ ಹೊತ್ತುತ್ತಿತ್ತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಹಲವು ಸಲ ಆರಿಸಿ ಹಾಕಿದರೆ ಒಮ್ಮೊಮ್ಮೆ ಆಟ ಶುರುವಾಗುತ್ತಿತ್ತಾದರೂ ಸ್ವಲ್ಪ ಹೊತ್ತಿಗೆ ಚಿತ್ರ ನಿಂತಲ್ಲೇ ನಿಂತುಬಿಡುತ್ತಿತ್ತು. 1988ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ 16 ಬಿಟ್ ಯಂತ್ರದ ಮೊದಲ ಮಾದರಿ ಅದು. ಇಷ್ಟು ವರ್ಷ ಬಾಳಿದ ಯಂತ್ರದಲ್ಲಿ ಕಾಣಿಸಿಕೊಂಡ ದೋಷವನ್ನು ವಯಸ್ಸಿನ ಲೆಕ್ಕಕ್ಕೇ ಬರೆಯಬೇಕು.

ಕಪ್ಪು ಪರದೆಯ ತೊಡಕೆಂದರೆ, ಕಾರಣ ಯಾವುದಿದ್ದರೂ ಅದು ಒಂದೇ ಥರ ಕಾಣುತ್ತದೆ. ಈ ಯಂತ್ರದ ಮುಖ್ಯ ಪ್ರೊಸೆಸರ್ ಮೊಟೊರೊಲಾ 68000. ವಿದ್ಯುತ್ ಬಂದ ಮೇಲೆ ಕನಿಷ್ಠ 100 ಮಿಲಿಸೆಕೆಂಡ್ ಅದನ್ನು ರೀಸೆಟ್ ಸ್ಥಿತಿಯಲ್ಲಿ ಹಿಡಿದಿಡಬೇಕು. ಬಿಟ್ಟೊಡನೆ ಅದು ಮೆಮೊರಿಯ ಮೊದಲ ಎಂಟು ಬೈಟುಗಳನ್ನು ಓದಿ, ಅವುಗಳಲ್ಲಿ ನಾಲ್ಕರಿಂದ ಸ್ಟ್ಯಾಕಿನ (ತಾತ್ಕಾಲಿಕ ಲೆಕ್ಕ ಇಡುವ ಮೆಮೊರಿ ಜಾಗದ) ವಿಳಾಸವನ್ನೂ ಉಳಿದ ನಾಲ್ಕರಿಂದ ಎಲ್ಲಿಂದ ಕೆಲಸ ಶುರುಮಾಡಬೇಕೆಂಬ ವಿಳಾಸವನ್ನೂ ಪಡೆಯುತ್ತದೆ. ಆ ಕ್ಷಣದಲ್ಲಿ ಆಟ ತುಂಬಿದ ಕಾರ್ಟ್ರಿಜಿನ ಒಂದು ಕಾಲು ಸರಿಯಾಗಿ ತಾಗದೆ ಒಂದೇ ಒಂದು ಬಿಟ್ ತಪ್ಪಿದರೂ ಪ್ರೊಸೆಸರ್ ಎಲ್ಲಿಗೋ ಹೋಗಿ ಬೀಳುತ್ತದೆ. 5 ವೋಲ್ಟ್ ಇರಬೇಕಾದ ಕಡೆ ನಾಲ್ಕೂವರೆ ಇದ್ದರೂ ಅದೇ ಗತಿಯಾಗಬಹುದು. ಹಾಗಾಗಿ ಬೂಟ್ ದೋಷ, ಅಂದರೆ ಯಂತ್ರ ಏಳುವಾಗಿನ ದೋಷ, ಎಂದು ತೋರುವುದನ್ನೆಲ್ಲ ನಾನು ಮೊದಲು ವಿದ್ಯುತ್ ದೋಷವೆಂದೇ ಗುಮಾನಿಯಿಂದ ನೋಡುತ್ತೇನೆ.

ಹೊರಗಿನಿಂದಲೇ ಮಾಡಬಹುದಾದ ಪರೀಕ್ಷೆಗಳನ್ನು ಬೇಗ ಮುಗಿಸಿದೆ. ಬೇರೆ ಯಂತ್ರದಲ್ಲಿ ಓಡುತ್ತಿದ್ದ ಕಾರ್ಟ್ರಿಜನ್ನೇ ಆರಿಸಿ, ಅದರ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಹಾಕಿದೆ. ಮೊದಲ ಮಾದರಿಯ ಮುಂಭಾಗದಲ್ಲಿ ಹೆಡ್‌ಫೋನಿಗೆ ಒಂದು ಕಿಂಡಿ ಇದೆ. ಟೀವಿಯನ್ನೂ ಅದರ ಕೇಬಲನ್ನೂ ಬದಿಗಿಟ್ಟು ಯಂತ್ರ ಬದುಕಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಸಂಗೀತ ಕೇಳಿಸಿದ್ದರೆ ದೋಷ ಚಿತ್ರದ ಹಾದಿಯಲ್ಲಿದೆ ಎನ್ನಬಹುದಿತ್ತು. ಏನೂ ಕೇಳಿಸಲಿಲ್ಲ.

ಅಡಾಪ್ಟರಿನ ವಿಷಯದಲ್ಲಿ ಅವಸರ ಸಲ್ಲದು. ಈ ಮಾದರಿಗೆ ಬೇಕಾದದ್ದು 9 ವೋಲ್ಟ್, 1.2 ಆಂಪಿಯರ್, ಅದೂ ಪ್ಲಗ್ಗಿನ ನಡುಭಾಗ ಋಣವಾಗಿರುವಂಥದ್ದು. ಇಂದು ಸಿಗುವ ಬಹುಪಾಲು ಅಡಾಪ್ಟರುಗಳಲ್ಲಿ ನಡುಭಾಗ ಧನವಾಗಿರುವುದರಿಂದ, ಪ್ಲಗ್ ಕೂತಿತೆಂಬ ಒಂದೇ ಕಾರಣಕ್ಕೆ ಚುಚ್ಚುವುದು ಅಪಾಯ. ಮೂಲ ಅಡಾಪ್ಟರ್ ಟ್ರಾನ್ಸ್‌ಫಾರ್ಮರ್ ಇರುವ, ಒಳಗೆ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬಿಡಿಭಾಗ) ಇಲ್ಲದ ಬಗೆಯದು. ಬರಿದೇ ಅಳೆದರೆ ಮೀಟರ್ 13 ವೋಲ್ಟಿನ ಆಸುಪಾಸು ತೋರಿಸಿದರೂ ಅದು ದೋಷವಲ್ಲ, ಕನ್ಸೋಲನ್ನು ಜೋಡಿಸಿ ಹೊರೆ ಬಿದ್ದಾಗ ಅದು ತಾನಾಗಿ ಇಳಿಯುತ್ತದೆ. ಹೊರೆಯಿಲ್ಲದೆ ತೆಗೆದ ಅಳತೆಯಿಂದ ಅಡಾಪ್ಟರಿನ ಬಗ್ಗೆಯಾಗಲಿ ಯಂತ್ರದ ಬಗ್ಗೆಯಾಗಲಿ ಏನನ್ನೂ ತೀರ್ಮಾನಿಸಲಾಗದು. ಅಡಾಪ್ಟರಿನ ಒಳಗೆ ಮನೆಯ ವಿದ್ಯುತ್ತೇ ಹರಿಯುವುದರಿಂದ ಅದನ್ನು ಬಿಚ್ಚುವ ಗೋಜಿಗೆ ನಾನು ಹೋಗುವುದಿಲ್ಲ.

ಮುಚ್ಚಳವನ್ನೂ ಒಳಗಿನ ತಗಡಿನ ಹೊದಿಕೆಯನ್ನೂ ತೆಗೆದಾಗ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಕಚ್ಚಿಕೊಂಡಿರುವ ಎರಡು 7805 ರೆಗ್ಯುಲೇಟರುಗಳು ಕಾಣುತ್ತವೆ. ಒಳಬರುವ ಹೆಚ್ಚಿನ ವೋಲ್ಟೇಜನ್ನು 5ಕ್ಕೆ ಇಳಿಸಿ, ಬೋರ್ಡಿನ ಬೇರೆ ಬೇರೆ ಭಾಗಗಳಿಗೆ ಹಂಚುವುದು ಅವುಗಳ ಕೆಲಸ. ಹೀಗೆ 5 ವೋಲ್ಟಿನ ಎರಡು ವಿದ್ಯುತ್ ಸಾಲುಗಳಿರುವಾಗ ದೀಪ ಒಂದರ ಸುದ್ದಿಯನ್ನಷ್ಟೇ ಹೇಳಬಲ್ಲದು. ಅದನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಕೆಂಪು ಎಲ್‌ಇಡಿ ಉರಿಯಲು ಎರಡು ವೋಲ್ಟಿನಷ್ಟು ಸಾಕು, ಆದರೆ 68000ಕ್ಕೆ ಕನಿಷ್ಠ 4.75 ಬೇಕು.

ಯಂತ್ರವನ್ನು ಚಾಲೂ ಇಟ್ಟುಕೊಂಡೇ ಅಳೆಯತೊಡಗಿದೆ. ಮೀಟರಿನ ಕಪ್ಪು ಮೊನೆ ಹೀಟ್‌ಸಿಂಕಿನ ಮೇಲೆ, ಕೆಂಪು ಮೊನೆ ರೆಗ್ಯುಲೇಟರಿನ ಮೂರನೆಯ ಕಾಲಿನ ಮೇಲೆ. ಒಂದನೆಯದು 5.0 ತೋರಿಸಿ ಅಲ್ಲೇ ನಿಂತಿತು. ಎರಡನೆಯದು 4.9ರಿಂದ ಆರಂಭಿಸಿ, ನೋಡನೋಡುತ್ತಿದ್ದಂತೆ 4.6, 4.3 ಎಂದು ಜಾರುತ್ತಾ ಹೋಯಿತು. ಇಲ್ಲಿಗೆ ರೆಗ್ಯುಲೇಟರೇ ಕೆಟ್ಟಿದೆಯೆಂದು ಬಿಚ್ಚಿ ಬಿಸಾಡಲು ಮನಸ್ಸಾಗುವುದು ಸಹಜ. ಆದರೆ 7805ಕ್ಕೆ ತಾನು ಕೊಡುವುದಕ್ಕಿಂತ ಸುಮಾರು ಎರಡು ವೋಲ್ಟ್ ಹೆಚ್ಚು, ಅಂದರೆ 7ರಷ್ಟು, ಒಳಗೆ ಬರಬೇಕು. ಬರದಿದ್ದರೆ ಎಷ್ಟು ಒಳ್ಳೆಯ ರೆಗ್ಯುಲೇಟರಾದರೂ 5 ಕೊಡಲಾರದು. ಮೊದಲನೆಯ ಕಾಲಿನಲ್ಲಿ ನೋಡಿದರೆ ಅಲ್ಲಿ 6 ಚಿಲ್ಲರೆ ಮಾತ್ರ ಇತ್ತು. ಅದರ ಪಕ್ಕದ ರೆಗ್ಯುಲೇಟರಿಗೆ ಅದೇ ಮೂಲದಿಂದ 9ರ ಹತ್ತಿರ ಬರುತ್ತಿತ್ತು.

ಬೋರ್ಡನ್ನು ಮಗುಚಿ, ಓರೆಯಾಗಿ ಬೆಳಕು ಬಿಟ್ಟು, ಭೂತಗನ್ನಡಿಯಲ್ಲಿ ಆ ಕಾಲಿನ ಬೆಸುಗೆಯನ್ನು ನೋಡಿದೆ. ಸುತ್ತಲಿನ ಬೆಸುಗೆಗಳು ಇನ್ನೂ ಹೊಳೆಯುತ್ತಿದ್ದರೆ ಇದು ಬೂದಿಬಣ್ಣಕ್ಕೆ ತಿರುಗಿತ್ತು. ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ. ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಕಾಲು ಬೆಸುಗೆಯ ಒಳಗೇ ಅಲುಗಿತು. ಇದರ ಹಿಂದಿನ ಲೆಕ್ಕ ಸರಳ. 9 ವೋಲ್ಟ್ ಒಳಬಂದು 5 ಹೊರಹೋದರೆ ಪ್ರತಿ ಆಂಪಿಯರಿಗೂ 4 ವ್ಯಾಟ್ ಶಾಖವಾಗಿ ಕರಗಬೇಕು. ಪ್ರತಿ ಸಲ ಕಾದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಹೀಟ್‌ಸಿಂಕಿಗೆ ಬಿಗಿದ ರೆಗ್ಯುಲೇಟರಿನ ಕಾಲುಗಳು ಆ ಎಳೆತವನ್ನೆಲ್ಲ ಬೆಸುಗೆಗೆ ದಾಟಿಸುತ್ತವೆ. ವರ್ಷಗಟ್ಟಲೆ ಹೀಗೆ ನಡೆದರೆ ಬೆಸುಗೆ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ತಾಗಿಕೊಂಡು, ಬಿಸಿಯಾದಾಗ ಬಿಟ್ಟುಕೊಳ್ಳುತ್ತಿದ್ದ ಆ ಬಿರುಕೇ ಆಟ ನಡುವೆ ನಿಲ್ಲುತ್ತಿದ್ದುದಕ್ಕೆ ಕಾರಣ.

ಹಳೆಯ ಬೆಸುಗೆಯ ಮೇಲೆ ಹೊಸದನ್ನು ಸುರಿಯದೆ, ತಾಮ್ರದ ಹೆಣಿಗೆಯಿಂದ ಅದನ್ನು ಪೂರ್ತಿ ಹೀರಿ ತೆಗೆದು, ಬೆಸುಗೆ ಚೆನ್ನಾಗಿ ಹಿಡಿಯಲೆಂದು ಫ್ಲಕ್ಸ್ ಸವರಿ, ಆರೂ ಕಾಲುಗಳನ್ನು ಹೊಸದಾಗಿ ಬೆಸೆದೆ. ಪುಡಿಯಾಗಿ ಉದುರುತ್ತಿದ್ದ ಥರ್ಮಲ್ ಪೇಸ್ಟನ್ನೂ ಒರೆಸಿ ಬದಲಿಸಿದೆ. ಎರಡೂ ವಿದ್ಯುತ್ ಸಾಲುಗಳು 5ಕ್ಕೆ ಬಂದವು. ಪರದೆಯ ಮೇಲೆ ಸೆಗಾ ಪರವಾನಗಿಯ ಸಾಲು ಮೂಡಿತು. ಈ ಸಾಲು ಬರೀ ಜಾಹೀರಾತಲ್ಲ. ಆಮೇಲಾಮೇಲಿನ ಬೋರ್ಡುಗಳಲ್ಲಿ, ಒಳಗಿರುವ ಚಿಕ್ಕ ರೋಮ್ (ROM, ಅಳಿಸಲಾಗದ ಮೆಮೊರಿ) ಕಾರ್ಟ್ರಿಜಿನ ಗೊತ್ತುಪಡಿಸಿದ ಜಾಗದಲ್ಲಿ SEGA ಎಂಬ ನಾಲ್ಕಕ್ಷರ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಅದನ್ನು ಬರೆಯುತ್ತದೆ. ಆ ಸಾಲು ಕಂಡಿತೆಂದರೆ ಪ್ರೊಸೆಸರ್ ಓಡುತ್ತಿದೆ, ಚಿತ್ರದ ಚಿಪ್ ಕೆಲಸ ಮಾಡುತ್ತಿದೆ, ಕಾರ್ಟ್ರಿಜ್ ಓದಲು ಸಿಗುತ್ತಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಆದರೂ ಸ್ವಿಚ್ಚನ್ನು ಬೆರಳು ಸೋಕಿದರೆ ಚಿತ್ರ ನಡುಗುತ್ತಿತ್ತು. ಸ್ವಿಚ್ಚಿನ ಎರಡು ತುದಿಗಳ ನಡುವೆ ಅಳೆದಾಗ, ಬಹುತೇಕ ಸೊನ್ನೆ ಇರಬೇಕಾದ ಕಡೆ ಒಂದು ವೋಲ್ಟಿಗೂ ಹೆಚ್ಚು ನಷ್ಟವಾಗುತ್ತಿತ್ತು. ಯಂತ್ರ ಆರಿಸಿ ಓಮ್ ಅಳತೆಯಲ್ಲಿ ನೋಡಿದರೆ ಅದೇ ಸ್ವಿಚ್ ಚೆನ್ನಾಗಿಯೇ ಕಾಣುತ್ತಿತ್ತು; ಆಂಪಿಯರ್‌ಗಟ್ಟಲೆ ಹರಿಯುವಾಗ ಮಾತ್ರ ಒಳಗಿನ ಕಿಲುಬು ತನ್ನ ಅಡ್ಡಿಯನ್ನು ತೋರುತ್ತದೆ. ರೆಗ್ಯುಲೇಟರ್ ಇಲ್ಲದ ಅಡಾಪ್ಟರಿನ ವೋಲ್ಟೇಜ್ ಸೆಕೆಂಡಿಗೆ ನೂರು ಬಾರಿ, 60 ಹರ್ಟ್ಸ್ ವಿದ್ಯುತ್ತಾದರೆ ನೂರಿಪ್ಪತ್ತು ಬಾರಿ, ಏರಿಳಿಯುತ್ತಿರುತ್ತದೆ. ಮೀಟರ್ ಸರಾಸರಿಯನ್ನು ಹೇಳುತ್ತದೆ. ಸರಾಸರಿ 8 ಇದ್ದರೂ ತಗ್ಗಿನಲ್ಲಿ 7ಕ್ಕಿಂತ ಕೆಳಗಿಳಿದರೆ ಆ ಗಳಿಗೆಯಲ್ಲಿ ರೆಗ್ಯುಲೇಟರ್ ಕೈಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸ್ವಿಚ್ಚನ್ನು ಅತ್ತಿತ್ತ ಆಡಿಸಿದ ಮೇಲೆ ನಷ್ಟ ಕೆಲವು ಮಿಲಿವೋಲ್ಟಿಗೆ ಇಳಿಯಿತು, ನಡುಕವೂ ನಿಂತಿತು.

ಇಂಥ ಯಂತ್ರ ಕೈಗೆ ಬಂದೊಡನೆ ಎಲ್ಲ ಕೆಪಾಸಿಟರುಗಳನ್ನೂ ಬದಲಿಸಿಬಿಡಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಅವು ಒಣಗುವುದೂ ಸೋರುವುದೂ ನಿಜ, ಅಂಥವನ್ನು ಬದಲಿಸಲೇಬೇಕು. ಆದರೆ ಈ ಯಂತ್ರದಲ್ಲಿ ಹಾಗೆ ಮಾಡಿದ್ದರೆ ಬಿರುಕೂ ಕಿಲುಬೂ ಇದ್ದಲ್ಲೇ ಇರುತ್ತಿದ್ದವು, ಜೊತೆಗೆ ಹಳೆಯ ಬೋರ್ಡಿನ ಸೂಕ್ಷ್ಮ ತಾಮ್ರದ ಪದರಕ್ಕೆ ಅನಗತ್ಯವಾಗಿ ಬಿಸಿ ತಾಗುತ್ತಿತ್ತು. 7805ಗಳ ಜಾಗಕ್ಕೆ ತಣ್ಣಗಿರುವ ಸ್ವಿಚಿಂಗ್ ಮಾಡ್ಯೂಲ್ ಕೂರಿಸುವುದನ್ನೂ ಯೋಚಿಸಿ ಕೈಬಿಟ್ಟೆ. ಅಂಥ ಮಾಡ್ಯೂಲಿನ ಗದ್ದಲ ಅನಲಾಗ್ ಧ್ವನಿಗೂ ಚಿತ್ರಕ್ಕೂ ಸೇರುವ ಸಾಧ್ಯತೆ ಇದೆ, ಇರುವ ರೆಗ್ಯುಲೇಟರುಗಳಂತೂ ಗಂಟೆಗಟ್ಟಲೆ ಓಡಿಸಿದ ಮೇಲೂ 5 ವೋಲ್ಟನ್ನು ಬಿಟ್ಟು ಕದಲಲಿಲ್ಲ.