ಎಸಿ ಬಸ್ಸಿನಲ್ಲಿ ಕೊರಿಯಾ ಗಡಿಗೆ

ಸೋಲ್‌ಗೆ ಹೋದವರೆಲ್ಲ ಅರಮನೆ ನೋಡುತ್ತಾರೆ, ಟವರ್ ಹತ್ತುತ್ತಾರೆ, ಆಮೇಲೆ ಒಂದು ದಿನ ಉತ್ತರ ಕೊರಿಯಾದ ಗಡಿಗೆ ಹೋಗಿ ಬರುತ್ತಾರೆ. ಯುದ್ಧ ಇನ್ನೂ ಕಾಗದದ ಮೇಲೆ ಮುಗಿಯದ ಗಡಿ ಅದು. ಅಲ್ಲಿಗೆ ಎಸಿ ಬಸ್ಸಲ್ಲಿ ಬೆಳಗ್ಗೆ ಹೊರಟು, ಮಧ್ಯಾಹ್ನ ಊಟದ ಹೊತ್ತು ಮೀರುವಷ್ಟರಲ್ಲಿ ವಾಪಸ್ ಬರಬಹುದು ಅಂದಾಗ ನನಗೆ ನಂಬಿಕೆಯೇ ಬರಲಿಲ್ಲ. ತಮ್ಮ ಅಲ್ಲೇ ಓದುತ್ತಿದ್ದಾನೆ, ಬುಕ್ ಮಾಡಿದ್ದೂ ಅವನೇ. ಹಿಂದಿನ ರಾತ್ರಿ ಮಲಗುವವರೆಗೂ ಒಂದೇ ಪಲ್ಲವಿ: "ಅಕ್ಕ, ಪಾಸ್‌ಪೋರ್ಟ್ ಬ್ಯಾಗಿಗೆ ಹಾಕ್ಕೊಂಡ್ಯಾ? ಜೆರಾಕ್ಸ್ ನಡೆಯಲ್ಲ, ಒರಿಜಿನಲ್ಲೇ ಬೇಕು."

ಬಸ್ಸು ಊರು ಬಿಟ್ಟು ಹಾನ್ ನದಿಯ ಪಕ್ಕದ ಹೆದ್ದಾರಿ ಹಿಡಿಯಿತು. ಸ್ವಲ್ಪ ದೂರ ಹೋದ ಮೇಲೆ ನದಿಗೂ ರಸ್ತೆಗೂ ನಡುವೆ ಮುಳ್ಳುತಂತಿ ಬೇಲಿ ಶುರುವಾಯಿತು, ಮಧ್ಯೆ ಮಧ್ಯೆ ಕಾವಲು ಗೂಡುಗಳು. ಇಷ್ಟು ಬೇಗನಾ ಅನ್ನಿಸಿತು. ಗಡಿ ಅಂದರೆ ಎಲ್ಲೋ ದೂರದ ಬೆಟ್ಟದ ತುದಿ ಅಂತ ನನ್ನ ತಲೆಯಲ್ಲಿತ್ತು. ಇಲ್ಲಿ ನೋಡಿದರೆ ರಾಜಧಾನಿಯಿಂದ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ, ಕೋಟಿಗಟ್ಟಲೆ ಜನ ಆ ದೂರದಲ್ಲೇ ದಿನಾ ಆಫೀಸಿಗೆ ಹೋಗಿ ಬರುತ್ತಾರೆ.

ನಮ್ಮ ಗೈಡ್ ಐವತ್ತರ ಆಸುಪಾಸಿನ ಹೆಂಗಸು, ಪಟಪಟ ಇಂಗ್ಲಿಷ್. ಇತಿಹಾಸವನ್ನೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿದರು. 1950ರ ಜೂನ್ 25ಕ್ಕೆ ಯುದ್ಧ ಶುರು, 1953ರ ಜುಲೈ 27ಕ್ಕೆ ಪನ್ಮುಂಜಾಮ್‌ನಲ್ಲಿ ಕದನವಿರಾಮಕ್ಕೆ ಸಹಿ, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಆ ಸಹಿ ಬಿದ್ದಾಗ ಉಳಿದ ಗೆರೆಯಿಂದ ಎರಡೂ ಸೇನೆಗಳು ಎರಡೆರಡು ಕಿಲೋಮೀಟರ್ ಹಿಂದೆ ಸರಿದವು. ಹಾಗೆ ಹುಟ್ಟಿದ್ದು ಈ ನಾಲ್ಕು ಕಿಲೋಮೀಟರ್ ಅಗಲದ, ಸುಮಾರು 250 ಕಿಲೋಮೀಟರ್ ಉದ್ದದ ಪಟ್ಟಿ, ಅಂದರೆ ಸೇನಾರಹಿತ ವಲಯ, ಎಲ್ಲರ ಬಾಯಲ್ಲಿ ಡಿಎಂಜೆಡ್. ಮಧ್ಯದ ಗೆರೆಯ ಮೇಲೆ ಉದ್ದಕ್ಕೂ ಗೋಡೆಯೇನೂ ಇಲ್ಲ, 1,292 ಹಳದಿ ಫಲಕಗಳನ್ನು ನೆಟ್ಟಿದ್ದರು, ಅಷ್ಟೇ. ನಿಜವಾದ ಬೇಲಿ ಎರಡು ಅಂಚುಗಳ ಕಡೆ, ನೆಲದಲ್ಲಿ ಹೂತಿಟ್ಟ ಬಾಂಬು, ಅಂದರೆ ಮೈನ್, ಅಲ್ಲಲ್ಲಿ.

ಪನ್ಮುಂಜಾಮ್‌ನ ಆ ನೀಲಿ ಕೊಠಡಿಗಳು, ಎದುರುಬದುರು ನಿಂತ ಸೈನಿಕರು, ಫೋಟೋದಲ್ಲಿ ನೋಡಿರುತ್ತೀರಲ್ಲ, ಅದು ನಮ್ಮ ಟೂರಲ್ಲಿ ಇರಲಿಲ್ಲ. 2023ರ ಜುಲೈನಲ್ಲಿ ಒಬ್ಬ ಅಮೆರಿಕನ್ ಸೈನಿಕ ಪ್ರವಾಸಿಗರ ಗುಂಪಿನ ಜೊತೆ ಅಲ್ಲಿಗೆ ಹೋಗಿ, ಇದ್ದಕ್ಕಿದ್ದಂತೆ ಓಡಿ ಉತ್ತರಕ್ಕೆ ದಾಟಿಬಿಟ್ಟ. ಅಲ್ಲಿಂದಾಚೆ ಅಲ್ಲಿಗೆ ಹೋಗುವುದು ಕಷ್ಟವಾಗಿದೆ. ನಮಗೆ ಸಿಕ್ಕಿದ್ದು ಇಮ್ಜಿನ್‌ಗಾಕ್, ಸುರಂಗ, ದೋರಾ ವೀಕ್ಷಣಾಲಯ ಮತ್ತು ಒಂದು ಹಳ್ಳಿ.

ಇಮ್ಜಿನ್‌ಗಾಕ್‌ನಲ್ಲಿ ಇಳಿದ ಕೂಡಲೇ ಕಂಡದ್ದು ಮಕ್ಕಳ ಆಟದ ಪಾರ್ಕು. ತಮಾಷೆ ಮಾಡುತ್ತಿಲ್ಲ. ಜೋಕಾಲಿ ಹಡಗು, ತಿರುಗುವ ಕುದುರೆ, ಹಾಡು, ಎಲ್ಲ ಇದೆ. ಅದರ ಪಕ್ಕದಲ್ಲೇ ಯುದ್ಧದ ಕಾಲದ ಒಂದು ಉಗಿಬಂಡಿ ಎಂಜಿನ್ನು ತುಕ್ಕು ಹಿಡಿದು ನಿಂತಿದೆ, ಮೈಮೇಲೆ ಸಾವಿರಕ್ಕೂ ಜಾಸ್ತಿ ಗುಂಡಿನ ತೂತು. ಸ್ವಲ್ಪ ಮುಂದೆ ಒಂದು ಕಲ್ಲಿನ ಪೂಜಾವೇದಿಕೆ. ಉತ್ತರದಲ್ಲಿ ಹುಟ್ಟಿ ಈ ಕಡೆ ಉಳಿದುಹೋದವರು ಹಬ್ಬದ ದಿನ ಇಲ್ಲಿಗೆ ಬಂದು, ಆ ಕಡೆ ಮುಖ ಮಾಡಿ ಹಿರಿಯರಿಗೆ ಎಡೆ ಇಟ್ಟು ನಮಸ್ಕಾರ ಮಾಡುತ್ತಾರೆ. ಗೋರಿ ಇರುವ ಊರಿಗೆ ಹೋಗಲಾಗದು, ಸರಿ, ದಿಕ್ಕಿಗಾದರೂ ಕೈ ಮುಗಿಯೋಣ ಅಂತ. ನಾವು ಹೋದಾಗ ಚುಸೊಕ್ ಹಬ್ಬ ಆಗಷ್ಟೇ ಕಳೆದಿತ್ತು. ಗಂಡ ಹೆಂಡತಿ, ತುಂಬ ವಯಸ್ಸಾದವರು, ವೇದಿಕೆಯ ಮುಂದೆ ನಿಂತಿದ್ದರು. ಅವರ ಹಿಂದೆ ನಮ್ಮ ಬಸ್ಸಿನ ಹುಡುಗರು ಸೆಲ್ಫಿಗೆ ಜಾಗ ಖಾಲಿಯಾಗಲಿ ಅಂತ ಕಾಯುತ್ತಿದ್ದರು. ನನಗೆ ಸಿಟ್ಟು ಬಂತು. ಆದರೆ ನಾನೂ ಟಿಕೆಟ್ ತಗೊಂಡೇ ಬಂದವಳು, ಯಾರ ಮೇಲೆ ಅಂತ ರೇಗುವುದು?

ಅಲ್ಲಿಂದ ಮುಂದಕ್ಕೆ ಸುಮ್ನೆ ಹೋಗಲಾಗದು. ಇಮ್ಜಿನ್ ನದಿ ದಾಟುವ ತೊಂಗಿಲ್ ಸೇತುವೆಯ ಬಾಗಿಲಲ್ಲಿ ಬಸ್ಸು ನಿಂತಿತು, ಒಬ್ಬ ಸೈನಿಕ ಹತ್ತಿದ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಅಲ್ಲಿ ಗಂಡುಮಕ್ಕಳಿಗೆಲ್ಲ ಸೇನೆಯ ಕೆಲಸ ಕಡ್ಡಾಯ, ಇವನೂ ಕಾಲೇಜು ಬಿಟ್ಟು ಬಂದವನೇ ಇರಬೇಕು. ಒಂದೊಂದೇ ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ಮತ್ತೆ ಪಾಸ್‌ಪೋರ್ಟ್ ನೋಡಿದ. ಬಸ್ಸಲ್ಲಿ ಉಸಿರಿಲ್ಲ. ಅವನು ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸೇತುವೆಯ ಮೇಲೆ ಅಡ್ಡಡ್ಡ ತಡೆಗಳಿವೆ, ಬಸ್ಸು ಹಾವಿನಂತೆ ಬಳುಕುತ್ತಾ ಹೋಗಬೇಕು.

ಈ ಸೇತುವೆಯ ಮೇಲೆ ಗೈಡ್ ಹೇಳಿದ ಕಥೆ ನನಗೆ ಇಡೀ ದಿನದಲ್ಲಿ ತುಂಬ ಇಷ್ಟವಾದದ್ದು. ಹ್ಯುಂಡೈ ಕಂಪನಿ ಕಟ್ಟಿದ ಚುಂಗ್ ಜು-ಯುಂಗ್ ಹುಟ್ಟಿದ್ದು ಈಗಿನ ಉತ್ತರ ಕೊರಿಯಾದ ಒಂದು ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ಅಪ್ಪ ಹಸು ಮಾರಿ ಇಟ್ಟಿದ್ದ ದುಡ್ಡು ಎತ್ತಿಕೊಂಡು ಮನೆ ಬಿಟ್ಟು ಓಡಿದ್ದ. 1998ರಲ್ಲಿ, ಎಂಬತ್ತು ದಾಟಿದ ಮೇಲೆ, ಲಾರಿಗಳಲ್ಲಿ ದನ ತುಂಬಿಕೊಂಡು ಇದೇ ದಾರಿಯಲ್ಲಿ ಉತ್ತರಕ್ಕೆ ಹೋದರು. ಜೂನ್‌ನಲ್ಲಿ 500, ಅಕ್ಟೋಬರ್‌ನಲ್ಲಿ 501. ಒಟ್ಟು 1,001. ಅಸಲು ಒಂದು, ಬಡ್ಡಿ ಸಾವಿರ ಅಂತ ಜನ ಲೆಕ್ಕ ಹಾಕುತ್ತಾರಂತೆ. ರಾಜಕೀಯ, ವ್ಯಾಪಾರ ಏನೇ ಇರಲಿ, ಅಷ್ಟು ದನಗಳನ್ನು ಮೈನ್ ತುಂಬಿದ ಗಡಿಯಲ್ಲಿ ಹೊಡೆದುಕೊಂಡು ಹೋಗಬೇಕು ಅಂತ ಒಬ್ಬನಿಗೆ ಹೊಳೆಯಿತಲ್ಲ!

ಸುರಂಗದ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ, ಮಂಡಿ ಇನ್ನೂ ನೆನಪಿಸುತ್ತದೆ. ಉತ್ತರದವರು ಗಡಿಯ ಕೆಳಗೆ ಕದ್ದು ಕೊರೆದ ನಾಲ್ಕು ಸುರಂಗ ಸಿಕ್ಕಿವೆ. ಇದು ಮೂರನೆಯದು, 1978ರಲ್ಲಿ ಸಿಕ್ಕಿದ್ದು. ಉದ್ದ 1,635 ಮೀಟರ್, ನೆಲದಿಂದ 73 ಮೀಟರ್ ಆಳ, ಎತ್ತರವೂ ಅಗಲವೂ ಎರಡೆರಡು ಮೀಟರ್. ಫೋನನ್ನು ಲಾಕರ್‌ಗೆ ಹಾಕಿ, ಹೆಲ್ಮೆಟ್ ಹಾಕಿಕೊಂಡು, ದಕ್ಷಿಣದವರು ಆಮೇಲೆ ಕೊರೆದ ಇಳಿಜಾರಿನಲ್ಲಿ 358 ಮೀಟರ್ ಇಳಿಯಬೇಕು. ಇಳಿಯುವಾಗ ಏನೂ ಅನ್ನಿಸಲ್ಲ, ಹತ್ತುವಾಗ ದೇವರು ಕಾಣುತ್ತಾನೆ. ಒಳಗೆ ತಂಪು, ನೀರು ತೊಟ್ಟಿಕ್ಕುತ್ತಿರುತ್ತದೆ, ಬಗ್ಗಿಯೇ ನಡೆಯಬೇಕು. ಎದುರಿನಿಂದ ಬರುವವರ ಹೆಲ್ಮೆಟ್ ಬಂಡೆಗೆ ಟಕ್ ಟಕ್ ಅನ್ನುತ್ತಲೇ ಇತ್ತು. ಗಂಟೆಗೆ 30,000 ಸೈನಿಕರು ಇದರಲ್ಲಿ ನುಗ್ಗಬಹುದಿತ್ತು ಅಂತ ದಕ್ಷಿಣದವರ ಲೆಕ್ಕ. ಬೆನ್ನು ಬಗ್ಗಿಸಿ ನಡೆಯುತ್ತಾ ಆ ಲೆಕ್ಕ ನನಗಂತೂ ಕೂಡಿಬರಲಿಲ್ಲ. ಸಿಕ್ಕಿಬಿದ್ದಾಗ ಉತ್ತರದವರು, ಇದು ಕಲ್ಲಿದ್ದಲ ಗಣಿ ಅಂದರಂತೆ. ಬಂಡೆ ನೋಡಿದರೆ ಗ್ರಾನೈಟ್, ಅದಕ್ಕೆ ಕಪ್ಪು ಪುಡಿ ಬಳಿದಿದ್ದಾರೆ. ಮುಟ್ಟಿ ನೋಡಿದೆ, ಬೆರಳಿಗೆ ಮಸಿ ಹತ್ತಿತು. ಉತ್ತರದವರು ಡೈನಮೈಟ್‌ಗೆ ಕೊರೆದ ತೂತುಗಳು ದಕ್ಷಿಣದ ದಿಕ್ಕಿಗಿವೆ ನೋಡಿ ಅಂತ ಇತ್ತ ದಕ್ಷಿಣದವರು ಅವಕ್ಕೆಲ್ಲ ಹಳದಿ ಬಣ್ಣ ಬಳಿದಿದ್ದಾರೆ. ಒಬ್ಬರು ಸುಳ್ಳಿಗೆ ಬಳಿದರು, ಇನ್ನೊಬ್ಬರು ಸಾಕ್ಷಿಗೆ ಬಳಿದರು. ಕೊನೆಯಲ್ಲಿ ಕಾಂಕ್ರೀಟ್ ಗೋಡೆ, ಅದರಲ್ಲೊಂದು ಪುಟ್ಟ ಕಿಂಡಿ. ಅದರಿಂದಾಚೆ ಇನ್ನೆರಡು ಗೋಡೆ ಇವೆಯಂತೆ.

ದೋರಾ ವೀಕ್ಷಣಾಲಯಕ್ಕೆ ಹೋಗುವ ದಾರಿಯಲ್ಲಿ ಎರಡೂ ಬದಿ ತಂತಿ ಬೇಲಿ, ಅದಕ್ಕೆ ತ್ರಿಕೋನದ ಕೆಂಪು ಫಲಕ: ಮೈನ್ ಇದೆ. ಫಲಕದ ಹಿಂದೆ ಕಾಡು ಹಸಿರಾಗಿ ಬೆಳೆದು ನಿಂತಿದೆ. ಎಪ್ಪತ್ತು ವರ್ಷ ಮನುಷ್ಯ ಕಾಲಿಡದಿದ್ದರೆ ಮತ್ತೇನಾಗುತ್ತದೆ? ಚಳಿಗಾಲದಲ್ಲಿ ಕೊಕ್ಕರೆ ಜಾತಿಯ, ಕೆಂಪು ನೆತ್ತಿಯ ದೊಡ್ಡ ಹಕ್ಕಿಗಳು ಈ ಪಟ್ಟಿಗೆ ಬಂದಿಳಿಯುತ್ತವೆ.

ವೀಕ್ಷಣಾಲಯದ ಮೇಲಿಂದ ಬರಿಗಣ್ಣಿಗೇ ಎರಡು ಬಾವುಟ ಕಾಣುತ್ತವೆ. ಡಿಎಂಜೆಡ್ ಒಳಗೆ ಎರಡೂ ಕಡೆಗೆ ಒಂದೊಂದು ಹಳ್ಳಿ ಇದೆ. ದಕ್ಷಿಣದ ದೇಸಾಂಗ್‌ದಾಂಗ್‌ನಲ್ಲಿ 1980ರ ದಶಕದಲ್ಲಿ ಸುಮಾರು 100 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದರು. ಉತ್ತರದವರು ಸುಮ್ಮನಿರುತ್ತಾರಾ? ತಮ್ಮ ಕಿಜಾಂಗ್‌ದಾಂಗ್‌ನಲ್ಲಿ 160 ಮೀಟರಿನದು ಎಬ್ಬಿಸಿದರು. ಆ ಹಳ್ಳಿಯ ಕಟ್ಟಡಗಳು ಬರೀ ಹೊರಗಿನ ಚಿಪ್ಪು, ಒಳಗೆ ಯಾರೂ ವಾಸವಿಲ್ಲ ಅಂತ ದಕ್ಷಿಣದವರು ಹೇಳುತ್ತಾರೆ. ದಕ್ಷಿಣದ ಹಳ್ಳಿಯಲ್ಲಿ ನಿಜಕ್ಕೂ ಜನ ಇದ್ದಾರೆ. ಅವರಿಗೆ ತೆರಿಗೆ ಇಲ್ಲ, ಸೇನೆಯ ಕಡ್ಡಾಯ ಇಲ್ಲ, ಬದಲಿಗೆ ರಾತ್ರಿ ಆದಮೇಲೆ ಮನೆ ಬಿಟ್ಟು ಹೊರಡುವ ಹಾಗಿಲ್ಲ. ಹೊರಗಿನ ಹೆಣ್ಣು ಸೊಸೆಯಾಗಿ ಬರಬಹುದು, ಗಂಡು ಮನೆ ಅಳಿಯನಾಗಿ ಬರುವಂತಿಲ್ಲ. ಸೇನೆ ತಪ್ಪಿಸಿಕೊಳ್ಳಲು ಮದುವೆಯಾಗಿ ಬಂದುಬಿಟ್ಟರೆ ಅಂತ!

ನನಗೆ ಅಲ್ಲಿ ನಿಂತು ಅನ್ನಿಸಿದ್ದು ಇಷ್ಟೇ: ಈ ಗಡಿಯಲ್ಲಿ ಅರ್ಧಕ್ಕರ್ಧ ಕಟ್ಟಿರುವುದು ನೋಡಲಿ ಅಂತಲೇ. ಧ್ವಜಸ್ತಂಭ ಆ ಕಡೆಯವರು ನೋಡಲಿ ಅಂತ, ವೀಕ್ಷಣಾಲಯ ಈ ಕಡೆಯವರು ನೋಡಲಿ ಅಂತ. 2024ರಲ್ಲಿ ಉತ್ತರದವರು ಕಸದ ಬಲೂನು ಬಿಟ್ಟರು, ದಕ್ಷಿಣದವರು ದೊಡ್ಡ ಸ್ಪೀಕರ್‌ಗಳಲ್ಲಿ ಹಾಡು, ಸುದ್ದಿ ಕೂಗಿಸಿದರು. 2025ರ ಜೂನ್‌ನಲ್ಲಿ ಆ ಸದ್ದು ನಿಂತಿತು. ಈ ನಾಟಕಕ್ಕೆ ನೋಡುವವರು ಬೇಕು, ಆ ಕೆಲಸಕ್ಕೆ ನಾವು ದುಡ್ಡು ಕೊಟ್ಟು ಬಂದಿದ್ದೇವೆ.

ದುರ್ಬೀನಿಗೆ ಕಣ್ಣಿಟ್ಟರೆ ಕೇಸಾಂಗ್ ಕಾಣುತ್ತದೆ. ಮೊದಲು ಸಿಗುವುದು ಅಲ್ಲಿನ ಕೈಗಾರಿಕಾ ಪ್ರದೇಶ. ದಕ್ಷಿಣದ ನೂರಕ್ಕೂ ಹೆಚ್ಚು ಕಂಪನಿಗಳು, ಉತ್ತರದ 50,000ಕ್ಕೂ ಜಾಸ್ತಿ ಕೆಲಸಗಾರರು ಒಂದೇ ಸೂರಿನಡಿ ದುಡಿದ ಜಾಗ. 2016ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. 2020ರ ಜೂನ್‌ನಲ್ಲಿ ಅಲ್ಲೇ ಇದ್ದ ಎರಡೂ ದೇಶಗಳ ಸಂಪರ್ಕ ಕಚೇರಿಯನ್ನು ಉತ್ತರದವರು ಸ್ಫೋಟಿಸಿದರು. ನಾನು ನೋಡುವಾಗ ಒಬ್ಬ ಮನುಷ್ಯ ಹೊಲದ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನ ಪಾಡಿಗೆ ಅವನು. ಅವನನ್ನು ಹಾಗೆ ಕದ್ದು ನೋಡುತ್ತಾ ನಿಂತದ್ದಕ್ಕೆ ನನಗೆ ಇರುಸುಮುರುಸಾಯಿತು, ಆದರೂ ಕಣ್ಣು ತೆಗೆಯಲಿಲ್ಲ.

ಇಲ್ಲೇ ಗೈಡ್ ತಮ್ಮ ಅಜ್ಜಿಯ ಕಥೆ ಹೇಳಿದರು. ಅಜ್ಜಿ ಕೇಸಾಂಗ್‌ನವರು. ಯುದ್ಧಕ್ಕೆ ಮೊದಲು ಕೇಸಾಂಗ್ ದಕ್ಷಿಣದಲ್ಲೇ ಇತ್ತು. ಕದನವಿರಾಮದ ಗೆರೆ ಎಳೆದಾಗ ಆ ಕಡೆ ಹೋಯಿತು. ಅಜ್ಜಿ ನಾಲ್ಕು ದಿನಕ್ಕೆ ಅಂತ ಸೋಲ್ ಕಡೆ ಬಂದಿದ್ದರು, ಅವರ ಅಕ್ಕ, ಅಮ್ಮ ಎಲ್ಲ ಕೇಸಾಂಗ್‌ನಲ್ಲೇ ಉಳಿದರು. ಹೀಗೆ ಅಗಲಿದವರನ್ನು ನೋಡಬೇಕು ಅಂತ ದಕ್ಷಿಣದಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಸರ್ಕಾರದಲ್ಲಿ ಹೆಸರು ಬರೆಸಿದ್ದರು, ಹೆಚ್ಚಿನವರು ಕಾಯುತ್ತಲೇ ತೀರಿಕೊಂಡಿದ್ದಾರೆ. ಎರಡೂ ಸರ್ಕಾರ ಸೇರಿ ಕೊನೆಯ ಸಲ ಭೇಟಿ ಮಾಡಿಸಿದ್ದು 2018ರ ಆಗಸ್ಟ್‌ನಲ್ಲಿ. ಗೈಡ್ ಅಜ್ಜಿಯ ಸರದಿ ಬರಲೇ ಇಲ್ಲ.

ಎಲ್ಲರೂ ಸುಮ್ಮನಾದರು. ಆಮೇಲೆ ಗೈಡ್ ಗಡಿಯಾರ ನೋಡಿ, ಹದಿನೈದು ನಿಮಿಷ ಇದೆ, ಕೆಳಗೆ ಅಂಗಡಿ ಇದೆ ಅಂದರು.

ತಮ್ಮ ನನ್ನ ಕಿವಿಯಲ್ಲಿ, "ಅಕ್ಕ, ದಿನಾ ಇದನ್ನೇ ಹೇಳ್ತಾರೆ ಅಲ್ವಾ? ಇದೂ ಟೂರಿನ ಐಟಮ್ಮೇ" ಅಂದ.

"ದಿನಾ ಹೇಳಿದ್ರೆ ಸುಳ್ಳಾಗುತ್ತೇನೋ?" ಅಂದೆ.

ಅವನು ಒಪ್ಪಲಿಲ್ಲ. ಅಂಗಡಿಯಲ್ಲಿ ಡಿಎಂಜೆಡ್ ಹೆಸರಿನ ಚಾಕಲೇಟು, ಚೌಕಟ್ಟಿಗೆ ಹಾಕಿದ ಮುಳ್ಳುತಂತಿಯ ತುಂಡು ಎಲ್ಲ ಇತ್ತು. ತಂತಿ ಕೊಳ್ಳುವ ಮನಸ್ಸಾಗಲಿಲ್ಲ. ತೊಂಗಿಲ್‌ಚೋನ್ ಹಳ್ಳಿಯಲ್ಲಿ ಸೋಯಾ ಕಾಳು ತಗೊಂಡೆ. 1973ರಲ್ಲಿ ಕಾವಲು ಗೆರೆಯ ಒಳಗೆ ಕಟ್ಟಿದ ರೈತರ ಹಳ್ಳಿ ಅದು, ಅಲ್ಲಿಯ ಕಾಳಿಗೆ ಒಳ್ಳೆ ಹೆಸರು. ದೋರಾಸಾನ್ ರೈಲು ನಿಲ್ದಾಣವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದು. ಉತ್ತರಕ್ಕೆ ರೈಲು ಓಡುತ್ತದೆ ಅಂತ ಕಟ್ಟಿದ ದೊಡ್ಡ ನಿಲ್ದಾಣ. 2007ರ ಕೊನೆಯಿಂದ ಒಂದು ವರ್ಷ ಗೂಡ್ಸ್ ಗಾಡಿ ಓಡಿತು, ಆಮೇಲೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಉತ್ತರದವರು ಗಡಿ ದಾಟುವ ರಸ್ತೆಗಳನ್ನೇ ತಮ್ಮ ಕಡೆಯಿಂದ ಸಿಡಿಸಿಬಿಟ್ಟರು.

ವಾಪಸ್ ಬರುವಾಗ ಗೈಡ್ ಪಕ್ಕದ ಸೀಟು ಖಾಲಿ ಇತ್ತು. ಹೋಗಿ ಕೂತು ಕೇಳಿದೆ, ಇಲ್ಲಿ ಭಾರತದ ಸೇನೆಯೂ ಇತ್ತು, ಗೊತ್ತಾ ನಿಮಗೆ? ಆಸ್ಪತ್ರೆಯ ತಂಡ ಇತ್ತಲ್ಲ ಅಂದರು. ಅದು ಸರಿ, ಯುದ್ಧದ ಆಮೇಲೆ? ಅದು ಅವರಿಗೆ ಹೊಸದು. ಹೇಳಿದೆ. ಯುದ್ಧ ನಿಂತಾಗ 22,000ಕ್ಕೂ ಹೆಚ್ಚು ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದರು. ಅವರನ್ನು ಕಾಯಲು ಭಾರತದ ಪಡೆಯನ್ನು ಕರೆಸಿದರು. ಮಾತಾಡಿಸಲು ಐದು ದೇಶಗಳ ಆಯೋಗ, ಅದರ ಅಧ್ಯಕ್ಷರು ನಮ್ಮ ಕೊಡಗಿನ ತಿಮ್ಮಯ್ಯ, ಮಡಿಕೇರಿಯವರು. ಭಾರತದ ಸೈನಿಕರು ತಮ್ಮ ನೆಲಕ್ಕೆ ಕಾಲಿಡಕೂಡದು ಅಂತ ಆಗಿನ ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಾಗಾಗಿ ಇಂಚಾನ್ ಹತ್ತಿರ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಸೀದಾ ಡಿಎಂಜೆಡ್‌ಗೆ ಇಳಿಸಬೇಕಾಯಿತು. ಅಲ್ಲಿ ಅವರ ಶಿಬಿರದ ಹೆಸರು ಹಿಂದ್ ನಗರ. 1954ರ ಫೆಬ್ರವರಿಯಲ್ಲಿ ಅವರು ಹೊರಟಾಗ, ಆ ಕಡೆಯೂ ಬೇಡ ಈ ಕಡೆಯೂ ಬೇಡ ಅಂದ 88 ಕೈದಿಗಳು ಅವರ ಜೊತೆಗೇ ಭಾರತಕ್ಕೆ ಬಂದರು.

ಗೈಡ್ ಫೋನ್ ತೆಗೆದು ಬರೆದುಕೊಂಡರು. ಹೆಸರು ಇನ್ನೊಮ್ಮೆ ಹೇಳಿಸಿಕೊಂಡರು, ತಮ್ಮ ಹಿಂದಿನ ಸೀಟಿನಿಂದ ಕೊರಿಯನ್ ಅಕ್ಷರದಲ್ಲಿ ಬರೆದುಕೊಟ್ಟ. ಮುಂದಿನ ಸಲ ಭಾರತದವರು ಬಂದರೆ ಸೇತುವೆ ಹತ್ತಿರ ಇದನ್ನು ಹೇಳುತ್ತೇನೆ, ಚೆನ್ನಾಗಿದೆ ಅಂದರು. ತಮ್ಮ ನನ್ನ ಕಡೆ ನೋಡಿ ನಕ್ಕ. ನಗಲಿ. ಎಲ್ಲರಿಗೂ ಹೇಳಿ, ಭಾರತದವರಿಗಷ್ಟೇ ಯಾಕೆ ಅಂದೆ. ಮತ್ತೆ ಕೊನೆಯ ಭಾಗವನ್ನೂ ಬಿಡಬೇಡಿ ಅಂತ ಬರೆಸಿದೆ: ಅದೇ ತಿಮ್ಮಯ್ಯ ಮುಂದೆ ಭಾರತದ ಸೇನಾ ಮುಖ್ಯಸ್ಥರಾದರು, ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು, ಗ್ರೀಕರಿಗೂ ತುರ್ಕರಿಗೂ ನಡುವೆ ಇನ್ನೊಂದು ಗೆರೆ ಕಾಯಲು, ಮತ್ತು 1965ರಲ್ಲಿ ಅಲ್ಲೇ ತೀರಿಕೊಂಡರು.