ಎದುರು ಕೂತು ನುಡಿಸುವವರು

2020ರ ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ಸಂಗೀತ ಸಂಘ ಅಂದರೆ ಬರೀ ಒಂದು ವಾಟ್ಸಾಪ್ ಗ್ರೂಪು. ಕೊರೊನಾ ಅಂತ ಹಾಸ್ಟೆಲ್ ಖಾಲಿ ಮಾಡಿಸಿ ಎಲ್ಲರನ್ನೂ ಊರಿಗೆ ಕಳಿಸಿದ್ದರು. ಡ್ರಮ್ ಸೆಟ್ಟು ಸಭಾಂಗಣದ ಹಿಂದಿನ ಕೋಣೆಯಲ್ಲಿ ಬೀಗದೊಳಗೆ. ನಮ್ಮ ಡ್ರಮ್ಮರ್ ಶಿರಸಿಯಲ್ಲಿ ದಿಂಬು ಬಡಿಯುತ್ತಿದ್ದ. ಮೃದಂಗದವನು ಮೈಸೂರಿನಲ್ಲಿ. ನಾನು ಹಾಸನದ ಮನೆಯಲ್ಲಿ ಆಂಪ್ ಇಲ್ಲದ ಬೇಸ್ ಗಿಟಾರ್ ಹಿಡಿದು ಕೂತರೆ, 'ಅದು ಕೇಳಿಸೋದೇ ಇಲ್ವಲ್ಲೋ' ಅನ್ನುತ್ತಿದ್ದರು ಅಮ್ಮ.

ಹೀಗಿರುವಾಗ ಯಾರೋ ನಂದಿ ಬುಷೆಲ್‌ಳ ವಿಡಿಯೋ ಹಾಕಿದರು. ಹತ್ತು ವರ್ಷದ ಹುಡುಗಿ. ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಮನೆ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ. ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೋ ಸ್ಟಾರ್ ನುಡಿಸುವುದನ್ನು ನೋಡಿ ಐದನೇ ವಯಸ್ಸಿಗೇ ಡ್ರಮ್ಸ್ ಬೇಕು ಅಂದವಳು. ಹಿಂದಿನ ವರ್ಷ ನಿರ್ವಾಣ ಬ್ಯಾಂಡಿನ 'ಇನ್ ಬ್ಲೂಮ್' ನುಡಿಸಿ ಹೆಸರು ಮಾಡಿದ್ದಳು. ಈಗ ಫೂ ಫೈಟರ್ಸ್‌ನ 'ಎವರ್‌ಲಾಂಗ್' ನುಡಿಸಿ ಡೇವ್ ಗ್ರೋಲ್‌ಗೇ ಸವಾಲು ಹಾಕಿದ್ದಳು! ನಿರ್ವಾಣದಲ್ಲಿ ಡ್ರಮ್ಸ್ ನುಡಿಸಿದ್ದು ಅವರೇ, ಆಮೇಲೆ ಫೂ ಫೈಟರ್ಸ್ ಕಟ್ಟಿದ್ದೂ ಅವರೇ. 1997ರ ಆ ಹಾಡಿನ ಡ್ರಮ್ಸ್ ಕೂಡ ಅವರದೇ.

ಗ್ರೂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕೀಬೋರ್ಡಿನವಳು 'ಸ್ಪೀಡ್ ಜಾಸ್ತಿ ಮಾಡಿ ಹಾಕಿರ್ತಾರೆ' ಅಂತ ಅನುಮಾನಪಟ್ಟಳು. ಮೃದಂಗದವನು ಹೆಸರಿಗೇ ಬಿದ್ದುಹೋದ. 'ಶಿವ ಕುಣಿಯುವಾಗ ಮದ್ದಳೆ ನುಡಿಸೋನು ನಂದಿ ತಾನೆ? ಇನ್ನೇನು ಕೇಳ್ತೀರಿ ಬಿಡಿ' ಅಂದ. (ಅದು ಜುಲು ಜನರ ಹೆಸರು, ನಮ್ಮ ನಂದಿಗೂ ಅದಕ್ಕೂ ಸಂಬಂಧ ಇಲ್ಲ. ಹೇಳಿದರೂ ಅವನು ಒಪ್ಪಲಿಲ್ಲ.)

ನಮ್ಮ ಡ್ರಮ್ಮರ್ ಮಾತ್ರ ರಾತ್ರಿಯವರೆಗೂ ಏನೂ ಬರೆಯಲಿಲ್ಲ. ಆಮೇಲೆ ಫೋನ್ ಮಾಡಿದ. ಸೌಂಡ್ ತೆಗೆದು ಬರೀ ಕೈ ನೋಡಿದೆ ಅಂದ. ಎವರ್‌ಲಾಂಗ್‌ನಲ್ಲಿ ಎರಡೂ ಕೋಲು ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಯ ಮೇಲೆ ಬಿಡುವಿಲ್ಲದೆ ಓಡುತ್ತಿರಬೇಕು. ಆ ಓಟದ ನಡುವೆಯೇ ಒಂದು ಕೈ ಸ್ನೇರ್ ಅನ್ನುವ ಮುಂದಿನ ಚಿಕ್ಕ ಡ್ರಮ್ ಮೇಲೆ ಬಿದ್ದು, ಏನೂ ಆಗದ ಹಾಗೆ ವಾಪಸ್ ಬರಬೇಕು. ಅವನ ಅನುಭವದಲ್ಲಿ ಒಂದು ನಿಮಿಷಕ್ಕೇ ಮೊಣಕೈ ಬಿಗಿಯುತ್ತದೆ. ಬಿಗಿದರೆ ಕೋಲು ಜೋರಾಗುತ್ತದೆ, ಜೋರಾದರೆ ತಡವಾಗುತ್ತದೆ. 'ಅವಳು ಖುಷಿಗೆ ಕಿರುಚ್ತಾಳೆ, ಮುಖ ಏನೇನೋ ಮಾಡ್ತಾಳೆ. ಭುಜ ಮಾತ್ರ ಸಡಿಲವಾಗೇ ಇದೆ ಕಣೋ' ಅಂದ. ಲೈಕು, ವ್ಯೂಸು ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ವಾದ್ಯ ನುಡಿಸುವವರು ಇನ್ನೊಬ್ಬರನ್ನು ಹೀಗೆ ನೋಡುತ್ತಾರೆ ಅಂತ ನನಗೆ ಗೊತ್ತಾದದ್ದು ಆ ಫೋನಿನಲ್ಲಿ.

ಅದೇ ತಿಂಗಳ ಕೊನೆಗೆ ಗ್ರೋಲ್ ಉತ್ತರ ಕೊಟ್ಟರು. ಐವತ್ತು ದಾಟಿದ ಮನುಷ್ಯ, ಜಗತ್ತಿನ ದೊಡ್ಡ ದೊಡ್ಡ ಸ್ಟೇಡಿಯಂ ತುಂಬಿಸಿದವರು. 'ಶಹಬ್ಬಾಸ್ ಮಗಳೇ' ಅಂತ ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಅವರು ತಮ್ಮ ಮಗಳ ಡ್ರಮ್ ಸೆಟ್ಟಿನ ಮುಂದೆ ಕೂತರು. ರೆಕಾರ್ಡ್ ಮಾಡಿದ ದಿನದಿಂದ ಈ ಹಾಡನ್ನು ಡ್ರಮ್ಸ್ ಮೇಲೆ ನುಡಿಸೇ ಇಲ್ಲ ಅಂತ ಹೇಳಿಕೊಂಡು, ನುಡಿಸಿದರು. ಸಾಲದು ಅಂತ ತಾವೇ ಡ್ರಮ್ಸ್ ನುಡಿಸಿದ್ದ ದೆಮ್ ಕ್ರೂಕೆಡ್ ವಲ್ಚರ್ಸ್ ಬ್ಯಾಂಡಿನ 'ಡೆಡ್ ಎಂಡ್ ಫ್ರೆಂಡ್ಸ್' ಒಡ್ಡಿ, ಈಗ ನೀನು ನುಡಿಸು ಅಂದರು. ಹುಡುಗಿ ಕೆಲವೇ ದಿನದಲ್ಲಿ ಅದನ್ನೂ ನುಡಿಸಿ ಕಳಿಸಿದಳು. ಆಮೇಲೆ ಅವರು ಅವಳ ಮೇಲೇ ಒಂದು ಹಾಡು ಕಟ್ಟಿದರು, ಅವಳೂ ಅವರ ಮೇಲೆ ಹಾಡು ಕಟ್ಟಿದಳು. ಕೊನೆಗೆ ಸೋತೆ ಅಂದದ್ದು ಗ್ರೋಲ್.

ಮೃದಂಗದವನಿಗೆ ಇದೆಲ್ಲ ಹೊಸದು ಅನ್ನಿಸಲೇ ಇಲ್ಲ. 'ಇದು ಕೊರಪ್ಪು ಕಣ್ರೋ' ಅಂತ ಅರ್ಧ ಗಂಟೆ ಪಾಠ ಮಾಡಿದ. ತನಿ ಆವರ್ತನದಲ್ಲಿ, ಅಂದರೆ ಕಛೇರಿಯ ನಡುವೆ ತಾಳವಾದ್ಯಗಳಷ್ಟೇ ನುಡಿಸುವ ಹೊತ್ತಿನಲ್ಲಿ, ಮೃದಂಗ ಒಂದಿಷ್ಟು ನುಡಿಸಿ ಬಿಡುತ್ತದೆ, ಘಟವೋ ಖಂಜಿರವೋ ಅಷ್ಟೇ ಅಳತೆಯಲ್ಲಿ ಜವಾಬು ಕೊಡುತ್ತದೆ. ಆಮೇಲೆ ಅದರ ಅರ್ಧ, ಅದರ ಕಾಲು, ಹೀಗೆ ಕಡಿಮೆಯಾಗುತ್ತಾ ಬಂದು ಕೊನೆಗೆ ಇಬ್ಬರೂ ಸೇರಿ ಮೋಹರ, ಕೋರ್ವೆ ಅನ್ನುವ ಮುಕ್ತಾಯದ ಲೆಕ್ಕ ನುಡಿಸಿ ಮುಗಿಸುತ್ತಾರೆ. ಎದುರಿನವರು ಮಗುವಾದರೂ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ಅದಕ್ಕೆ ನಾನು ಸ್ವಲ್ಪ ಕೆಣಕಿದೆ. ನಮ್ಮಲ್ಲಿ ಪುಟ್ಟ ಹುಡುಗ ಚೆನ್ನಾಗಿ ನುಡಿಸಿದರೆ ಶಾಲು, ಹಾರ, ಫೋಟೋ, 'ಪೂರ್ವಜನ್ಮದ ಪುಣ್ಯ' ಅಂತ ಒಂದು ಭಾಷಣ, ಅಷ್ಟೇ ಅಲ್ವಾ? ಅವನಿಗೆ ಸಿಟ್ಟು ಬಂತು. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ತೆಗೆದ. 1912ರಲ್ಲಿ ಹುಟ್ಟಿದ ಅವರು ಇನ್ನೂ ಹುಡುಗನಾಗಿದ್ದಾಗಲೇ ಗಾಯಕ ಚೆಂಬೈ ವೈದ್ಯನಾಥ ಭಾಗವತರ ಕಛೇರಿಗಳಿಗೆ ಮೃದಂಗ ನುಡಿಸುತ್ತಿದ್ದರು. 'ಚೆಂಬೈ ಶಾಲು ಹೊದಿಸಿ ಕಳಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು' ಅಂದ. ಸರಿ, ಅದು ನಿಜ. ಆದರೆ ನಾನು ಹೇಳಿದ್ದೂ ಸುಳ್ಳಲ್ಲ. ಈಗಿನ ಟೀವಿ ಶೋಗಳನ್ನು ನೋಡಿದರೆ ಸಾಕು, ಮಗು ನುಡಿಸಿದ್ದಕ್ಕಿಂತ ಜಡ್ಜುಗಳು ಕಣ್ಣೊರೆಸಿಕೊಳ್ಳುವುದೇ ಜಾಸ್ತಿ.

ಮುಂದಿನ ವರ್ಷ ನಾವೆಲ್ಲ ಪಾಸಾಗಿ ಚೆದುರಿಹೋದೆವು. ಬೀಳ್ಕೊಡುಗೆಯೂ ಆನ್‌ಲೈನಿನಲ್ಲೇ ಮುಗಿಯಿತು, ಅದರ ಬಗ್ಗೆ ಹೇಳುವುದೇನೂ ಇಲ್ಲ. 2021ರ ಆಗಸ್ಟ್ 26ರಂದು ಲಾಸ್ ಏಂಜಲೀಸ್ ಹತ್ತಿರದ 'ದ ಫೋರಮ್'ನಲ್ಲಿ ಫೂ ಫೈಟರ್ಸ್ ಕಛೇರಿ ನಡೆಯಿತು. ಕೊನೆಯ ಹಾಡು ಎವರ್‌ಲಾಂಗ್‌ಗೆ ಗ್ರೋಲ್ ನಂದಿಯನ್ನು ವೇದಿಕೆಗೆ ಕರೆದರು. ಹನ್ನೊಂದು ವರ್ಷದ ಹುಡುಗಿ ಅಷ್ಟು ದೊಡ್ಡ ಬ್ಯಾಂಡನ್ನು ಹಾಡು ಮುಗಿಯುವವರೆಗೂ ಎಳೆದುಕೊಂಡು ಹೋದಳು. ಅದನ್ನು ನಾನು ಬೆಂಗಳೂರಿನ ಪೀಜಿಯಲ್ಲಿ ಇಡ್ಲಿ ತಿನ್ನುತ್ತಾ ಮೊಬೈಲಿನಲ್ಲಿ ನೋಡಿದೆ. ಮರುವರ್ಷ ಆ ಬ್ಯಾಂಡಿನ ಡ್ರಮ್ಮರ್ ಟೇಲರ್ ಹಾಕಿನ್ಸ್ ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಅವರ ನೆನಪಿಗೆ ದೊಡ್ಡ ಕಾರ್ಯಕ್ರಮವಾಯಿತು. ಅಲ್ಲಿ 'ಲರ್ನ್ ಟು ಫ್ಲೈ' ಹಾಡಿಗೆ ಡ್ರಮ್ಸ್ ಹಿಂದೆ ಕೂತದ್ದು ನಂದಿ. ಹೋದವರ ಜಾಗದಲ್ಲಿ ಕೂರಿಸುವುದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ ಹೇಳಿ.

ನಮ್ಮ ಡ್ರಮ್ಮರ್ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ, ಭಾನುವಾರ ಮಕ್ಕಳಿಗೆ ಡ್ರಮ್ಸ್ ಹೇಳಿಕೊಡುತ್ತಾನೆ. ಹೋದ ಸಲ ಹೋದಾಗ ನೋಡಿದೆ. ಎಂಟರ ಹುಡುಗ ಒಬ್ಬ ಭರ್ಜರಿಯಾಗಿ ಒಂದು ರೋಲ್, ಅಂದರೆ ಬಿಡುವಿಲ್ಲದ ಏಟುಗಳ ಸಾಲು, ಹೊಡೆದು, ಹೆಂಗೈತಿ ಅನ್ನುವ ಹಾಗೆ ಇವನ ಮುಖ ನೋಡಿದ. ಇವನು ಮಾತೇ ಆಡಲಿಲ್ಲ. ಸ್ನೇರ್ ಗಣಗಣ ಅನ್ನದ ಹಾಗೆ ಅದರ ಮೇಲೆ ಪರ್ಸ್ ಇಟ್ಟ. ಅದೇ ರೋಲನ್ನು ಒಂದು ಏಟು ಹೆಚ್ಚು ಸೇರಿಸಿ ವಾಪಸ್ ನುಡಿಸಿ, ಕೋಲು ಹುಡುಗನ ಕೈಗೆ ಕೊಟ್ಟ. ಹುಡುಗ ಹಲ್ಲು ಕಚ್ಚಿಕೊಂಡು ಶುರುಮಾಡಿದ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹುಡುಗನ ತಾಯಿ ನನ್ನ ಹತ್ತಿರ ದೂರಿದರು: 'ನಿಮ್ಮ ಫ್ರೆಂಡ್‌ಗ ಹೇಳ್ರಿ, ಒಮ್ಮೆರ ವೆರಿ ಗುಡ್ ಅನ್ನಂಗಿಲ್ಲ ನೋಡ್ರಿ.' ಹುಡುಗ ಆಗಲೇ ಸ್ಕೂಟರಿನ ಸೀಟಿನ ಮೇಲೆ ಆ ರೋಲ್ ಬಡಿಯುತ್ತಿದ್ದ.